ಬುರಿಗಂಗಾ ದಡದ ಮಸೀದಿ: ಹಳೆಯ ಶಾಯಿಚಿತ್ರವನ್ನು ಸಾಕ್ಷಿಯಾಗಿ ಓದುವ ಬಗೆ

ಢಾಕಾದ ಮೊಹಮ್ಮದ್‌ಪುರದಲ್ಲಿ ಸಾತ್ ಗುಂಬದ್ ಎಂಬ ಮಸೀದಿ ಇದೆ. ಹೆಸರೇ ಹೇಳುವಂತೆ ಅದಕ್ಕೆ ಏಳು ಗುಮ್ಮಟ. ನಮಾಜಿನ ಹಜಾರದ ಮೇಲೆ ಮೂರು, ನಾಲ್ಕು ಮೂಲೆಗಳಲ್ಲಿರುವ ಎರಡಂತಸ್ತಿನ ಪೊಳ್ಳು ಗೋಪುರಗಳ ಮೇಲೆ ಒಂದೊಂದು. 17ನೇ ಶತಮಾನದ ಕೊನೆಯ ಭಾಗದಲ್ಲಿ, ಶಾಯಿಸ್ತಾ ಖಾನ್ ಬಂಗಾಳದ ಸುಬೇದಾರನಾಗಿದ್ದ ಕಾಲದಲ್ಲಿ ಅದು ಎದ್ದು ನಿಂತಾಗ ಬುರಿಗಂಗಾ ನದಿ ಅದರ ಬುಡದಲ್ಲೇ ಹರಿಯುತ್ತಿತ್ತು. ಇಂದು ಅಲ್ಲಿ ನಿಂತರೆ ಸುತ್ತಲೂ ಮನೆ, ರಸ್ತೆ. ನದಿ ಪಕ್ಕಕ್ಕೆ ಸರಿಯಿತು, ಅದು ಬಿಟ್ಟುಹೋದ ನೆಲವನ್ನು ಊರು ತುಂಬಿಕೊಂಡಿತು.

ಬಂಗಾಳ, ಬಿಹಾರಗಳ ಹೊಳೆದಡದ ಬಹಳಷ್ಟು ಮಸೀದಿಗಳ ಕಥೆ ಹೀಗೆಯೇ. ಕೆಲವು ಕಡೆ ನದಿ ದೂರ ಹೋಯಿತು, ಕೆಲವು ಕಡೆ ಹತ್ತಿರ ಬಂದು ಗೋಡೆಯನ್ನೇ ನುಂಗಿತು. ಎರಡರಲ್ಲೂ ಕಟ್ಟಡಕ್ಕೂ ನೀರಿಗೂ ಇದ್ದ ನಂಟು ಈಗ ಕಣ್ಣಿಗೆ ಕಾಣುವುದಿಲ್ಲ. ಛಾಯಾಚಿತ್ರ ಬರುವ ಮುಂಚೆ ಆ ನಂಟನ್ನು ಹಿಡಿದಿಟ್ಟವು ಈಸ್ಟ್ ಇಂಡಿಯಾ ಕಂಪನಿ ಕಾಲದ ಅಧಿಕಾರಿಗಳು, ಚಿತ್ರಕಾರರು ಕಾಗದದ ಮೇಲೆ ಶಾಯಿಯಲ್ಲಿ ಬರೆದ ನೋಟಗಳು. ಇಂದು ಅವುಗಳ ಡಿಜಿಟಲ್ ಪ್ರತಿಗಳು ಮನೆಯಲ್ಲೇ ಕುಳಿತು ನೋಡಲು ಸಿಗುತ್ತವೆ. ಆದರೆ ಅವನ್ನು ಅಂದವೆಂದು ನೋಡಿ ಮುಂದೆ ಹೋಗುವುದು ಅಥವಾ ಫೋಟೊ ಎಂಬಂತೆ ಪೂರ್ತಿ ನಂಬುವುದು, ಇವೆರಡೇ ಹೆಚ್ಚಾಗಿ ನಡೆಯುತ್ತವೆ.

ಇಂಥ ಒಂದು ಹಾಳೆಯಲ್ಲಿ ಎರಡು ಚಿತ್ರಗಳಿರುತ್ತವೆ. ಒಂದು, ದೋಣಿಯಲ್ಲೋ ದಡದಲ್ಲೋ ಕುಳಿತು ಕಣ್ಣಾರೆ ಕಂಡು ಹಾಕಿದ್ದು. ಇನ್ನೊಂದು, ಬಂಗಲೆಗೆ ಮರಳಿ ಮೇಜಿನ ಮುಂದೆ ಕುಳಿತು ತುಂಬಿದ್ದು. ಮೊದಲನೆಯದು ಸಾಕ್ಷಿ. ಎರಡನೆಯದು ಅಂದಿನ ಅಭಿರುಚಿ. ಇವೆರಡನ್ನು ಬಿಡಿಸುವ ಕೆಲಸವೇ ಈ ಮಾತಿನ ವಿಷಯ.

ಬರೆದವರು ಯಾರು

ಢಾಕಾದ ಮಟ್ಟಿಗೆ ಮುಖ್ಯ ಹೆಸರು ಚಾರ್ಲ್ಸ್ ಡಾಯ್ಲಿ. 1781ರಲ್ಲಿ ಬಂಗಾಳದಲ್ಲೇ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1798ರಲ್ಲಿ ಕಂಪನಿ ನೌಕರನಾಗಿ ಮರಳಿದವನು. 1808ರಲ್ಲಿ ಢಾಕಾದ ಕಲೆಕ್ಟರ್ ಆದ. ಅದೇ ವರ್ಷ ವೃತ್ತಿನಿರತ ಚಿತ್ರಕಾರ ಜಾರ್ಜ್ ಚಿನ್ನರಿ ಅವನಲ್ಲಿಗೆ ಬಂದು ಕೆಲವು ವರ್ಷ ಉಳಿದ. ಕಲೆಕ್ಟರ್ ಸಾಹೇಬನ ಕೈ ಪಳಗಿದ್ದು ಆ ಸಹವಾಸದಲ್ಲಿ. ಢಾಕಾದ ಮೊಘಲ್ ಕಾಲದ ಅವಶೇಷಗಳನ್ನು ಡಾಯ್ಲಿ ಬರೆದ: ಬಡಾ ಕಟ್ರಾ, ಲಾಲ್‌ಬಾಗ್ ಕೋಟೆಯ ಬಾಗಿಲು, ಪಾಗ್ಲಾ ಸೇತುವೆ, ಟೋಂಗಿ ಸೇತುವೆ, ಬುರಿಗಂಗಾ ದಡದ ಮಸೀದಿ. ಇವು 1814ರಿಂದ ಲಂಡನ್ನಿನಲ್ಲಿ ಕಂತು ಕಂತಾಗಿ ಅಚ್ಚಾದವು. ತಾಮ್ರದ ಫಲಕ ಕೊರೆದವನು ಜಾನ್ ಲ್ಯಾಂಡ್‌ಸೀರ್, ಜೊತೆಗಿನ ಬರಹ ಜೇಮ್ಸ್ ಅಟ್ಕಿನ್ಸನ್‌ನದು. ಮುಂದೆ ಪಟ್ನಾದಲ್ಲಿ ಅಫೀಮು ಏಜೆಂಟನಾಗಿದ್ದಾಗ ಡಾಯ್ಲಿ ಕಲ್ಲಚ್ಚಿನ (ಲಿಥೊಗ್ರಫಿ) ಮುದ್ರಣಾಲಯವನ್ನೇ ನಡೆಸಿದ. ಅಲ್ಲಿ ಪಟ್ನಾದ ಚಿತ್ರಕಾರ ಜೈರಾಮ್ ದಾಸ್ ಅವನೊಂದಿಗೆ ಕೆಲಸ ಮಾಡಿದ. ಈ ಹೆಸರು ಚಿತ್ರಸಂಗ್ರಹಗಳ ಪಟ್ಟಿಗಳಲ್ಲಿ ಕಾಣುವುದೇ ಅಪರೂಪ. ಸಾಹೇಬರ ಸಹಿ ಇರುವ ಹಾಳೆಯಲ್ಲೆಲ್ಲ ಸಾಹೇಬರ ಕೈಯೇ ಇದೆ ಎಂದುಕೊಳ್ಳಬಾರದು.

ಕಣ್ಣಾರೆ ಕಂಡವನ ಕೈಯ ಮೂಲಚಿತ್ರ ಬೇರೆ, ಲಂಡನ್ನಿನಲ್ಲಿ ಕುಳಿತು ಕೊರೆದವನ ಅಚ್ಚು ಬೇರೆ. ಢಾಕಾದ ಮೋಡವಾಗಲಿ ಬಿದಿರಾಗಲಿ ಕೊರೆಯುವವನ ಕಣ್ಣಿಗೆ ಬಿದ್ದಿರಲಿಲ್ಲ. ಆಕಾಶ, ಎಲೆ, ನೀರಿನ ಅಲೆ ಇವುಗಳಿಗೆ ಅವನ ಬಳಿ ಕಲಿತ ಕೈಚಳಕವಿತ್ತು, ಅದನ್ನೇ ಬಳಸಿದ. ಹಾಗಾಗಿ ಅಚ್ಚಿನಲ್ಲಿ ಗಿಡಮರ ನೋಡಿ ಜಾತಿ ಗುರುತಿಸಲು ಹೋಗಬೇಡಿ. ಮೂಲ ಶಾಯಿಚಿತ್ರ ಸಿಕ್ಕರೆ ಮಾತ್ರ ಆ ಪ್ರಯತ್ನಕ್ಕೆ ಅರ್ಥ.

ಅಚ್ಚಿನಲ್ಲಿ ಇನ್ನೊಂದು ಅಪಾಯವಿದೆ. ಫಲಕದ ಮೇಲೆ ಕೊರೆದದ್ದು ಕಾಗದದಲ್ಲಿ ಎಡಬಲ ತಿರುಗಿ ಮೂಡುತ್ತದೆ. ಕಸುಬುದಾರ ಕೊರೆಯುವವರು ಮೊದಲೇ ತಿರುಗಿಸಿ ಕೊರೆಯುತ್ತಾರೆ, ಹವ್ಯಾಸಿಗಳು ಹಲವು ಸಲ ಮರೆಯುತ್ತಾರೆ. ಕಲ್ಲಚ್ಚಿಗೂ ಇದೇ ಮಾತು. ಮೂರು ಗುಮ್ಮಟದ ಮಸೀದಿ ಎಡಬಲ ಒಂದೇ ತೆರನಾಗಿರುವುದರಿಂದ ಕಟ್ಟಡ ನೋಡಿ ಇದು ತಿಳಿಯುವುದಿಲ್ಲ. ನೆರಳಿಗೆ ಹಾಕಿದ ಓರೆಗೆರೆಗಳನ್ನು ನೋಡಿ. ಬಲಗೈಯಲ್ಲಿ ಬರೆಯುವವರ ಓರೆಗೆರೆ ಸಾಮಾನ್ಯವಾಗಿ ಬಲ ಮೇಲ್ತುದಿಯಿಂದ ಎಡ ಕೆಳತುದಿಗೆ ವಾಲುತ್ತದೆ. ಚಿತ್ರದುದ್ದಕ್ಕೂ ಅದು ಎಡ ಮೇಲಿನಿಂದ ಬಲ ಕೆಳಕ್ಕೆ ವಾಲಿದ್ದರೆ, ಬರೆದವನು ಎಡಗೈಯವನು ಅಥವಾ ನಿಮ್ಮ ಮುಂದಿರುವುದು ತಿರುಗಿದ ಅಚ್ಚು. ಜೊತೆಗೆ ಜನರನ್ನೂ ಗಮನಿಸಿ. ಎಲ್ಲರೂ ಎಡಗೈಯಲ್ಲೇ ಕೆಲಸ ಮಾಡುತ್ತಿದ್ದಾರೆಂದರೆ ಅನುಮಾನ ಗಟ್ಟಿಯಾಗುತ್ತದೆ.

ಕಾಗದ, ಪೆನ್ಸಿಲ್, ಶಾಯಿ

ಹಾಳೆಯನ್ನು ಮೊದಲು ಹಿಂದಿನಿಂದ ಬೆಳಕು ಬಿಟ್ಟು ನೋಡಿ. ಬಿಸಿಯಾಗದ ಎಲ್‌ಇಡಿ ಫಲಕ ಸಾಕು. ಆ ಕಾಲದ ಒಳ್ಳೆಯ ಚಿತ್ರಕಾಗದ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುತ್ತಿತ್ತು, ಅದರಲ್ಲೂ ವಾಟ್ಮನ್ ಕಾಗದಕ್ಕೆ ಬೇಡಿಕೆ ಹೆಚ್ಚು. 1794ರ ನಂತರ ಇಂಗ್ಲಿಷ್ ಕಾಗದದ ನೀರಚ್ಚಿನಲ್ಲಿ (ವಾಟರ್‌ಮಾರ್ಕ್) ತಯಾರಕರ ಹೆಸರಿನ ಜೊತೆ ವರ್ಷವೂ ಕಾಣುವುದು ಸಾಮಾನ್ಯ. ರಫ್ತಾದ ಕಾಗದದ ಸುಂಕ ಮರಳಿ ಪಡೆಯಲು ಆಗಿನ ಕಾಯಿದೆ ವರ್ಷವನ್ನು ಕೇಳುತ್ತಿತ್ತು. ವರ್ಷ 1806 ಎಂದಿದ್ದರೆ ಚಿತ್ರ 1806ಕ್ಕಿಂತ ಹಿಂದಿನದಲ್ಲ ಎಂಬುದು ಖಚಿತ. ಅಷ್ಟೇ ಖಚಿತ, ಅದಕ್ಕಿಂತ ಹೆಚ್ಚಲ್ಲ. ಕಾಗದ ಆಫ್ರಿಕದ ದಕ್ಷಿಣ ತುದಿಯ ಕೇಪ್ ಸುತ್ತಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು, ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಕಾಯುತ್ತಿತ್ತು. ಕೆಲವು ಗಿರಣಿಗಳು ಹಳೆಯ ವರ್ಷದ ಅಚ್ಚನ್ನೇ ಮುಂದುವರಿಸಿದ್ದೂ ಉಂಟು. ನೀರಚ್ಚಿನ ವರ್ಷವನ್ನೇ ಚಿತ್ರದ ವರ್ಷ ಎಂದು ಬರೆದುಬಿಡುವುದು ಪಟ್ಟಿ ಮಾಡುವವರು ಪದೇ ಪದೇ ಮಾಡುವ ತಪ್ಪು.

ಆ ಕಾಗದಕ್ಕೆ ಪ್ರಾಣಿಜನ್ಯ ಸರಸಿನ ಲೇಪ ಇರುತ್ತಿತ್ತು. ಶಾಯಿ ಹರಡದೆ ಮೇಲೇ ನಿಲ್ಲುವುದು ಅದರಿಂದ. ಬಂಗಾಳದ ಮಳೆಗಾಲದ ತೇವಕ್ಕೆ ಲೇಪ ಕೊಳೆತು ಅಲ್ಲಲ್ಲಿ ಹೋಗುತ್ತದೆ. ಅಂಥ ಕಡೆ ಗೆರೆಯ ಅಂಚು ಜೂಲುಜೂಲಾಗುತ್ತದೆ, ಕುಂಚದ ನೆರಳು ಮಚ್ಚೆಮಚ್ಚೆಯಾಗಿ ಇಳಿಯುತ್ತದೆ. ನೋಡುವವರು ಅದನ್ನು ಗಾರೆ ಉದುರಿದ ಗುರುತು ಎಂದು ತಿಳಿಯುತ್ತಾರೆ! ಅದೇ ಮಚ್ಚೆ ಆಕಾಶದ ಭಾಗದಲ್ಲೂ ಇದೆಯೇ ನೋಡಿ. ಇದ್ದರೆ ತಪ್ಪು ಕಾಗದದ್ದು, ಮಸೀದಿಯದ್ದಲ್ಲ.

ಮುಂದಿನದು ಪೆನ್ಸಿಲ್. ಬಹುಪಾಲು ಶಾಯಿಚಿತ್ರಗಳ ಅಡಿಯಲ್ಲಿ ಪೆನ್ಸಿಲ್ ಗೆರೆ ಇದೆ. ಸ್ಥಳದಲ್ಲಿ ಪೆನ್ಸಿಲ್ಲಿನಲ್ಲಿ ಬರೆದು, ಸಂಜೆಯೋ ಮರುದಿನವೋ ಗರಿಲೇಖನಿಯಿಂದ ಅದರ ಮೇಲೆ ಶಾಯಿ ಹಾಯಿಸುವುದು ಆಗಿನ ರೂಢಿ. ಚಿನ್ನರಿಯಂತೂ ತನ್ನ ಹಾಳೆಗಳ ಮೇಲೆ ಗರ್ನಿ ಪದ್ಧತಿಯ ಶೀಘ್ರಲಿಪಿಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದ: ಯಾವುದು ಸರಿ, ಯಾವುದನ್ನು ತುಂಬಬೇಕು, ಯಾವ ದಿನ. ಎಲ್ಲರೂ ಅಷ್ಟು ಉಪಕಾರ ಮಾಡಲಿಲ್ಲ. ಆದ್ದರಿಂದ ಪೆನ್ಸಿಲ್ ಗೆರೆಯನ್ನು ನಾವೇ ಹುಡುಕಬೇಕು. ದೀಪವನ್ನು ಹಾಳೆಯ ಪಕ್ಕದಲ್ಲಿ, ಸುಮಾರು 10ರಿಂದ 15 ಡಿಗ್ರಿ ಓರೆಯಲ್ಲಿ ಇಟ್ಟರೆ ಪೆನ್ಸಿಲ್ ಒತ್ತಿದ ತೋಡುಗಳು ಕಾಣುತ್ತವೆ. ಅಳಿಸಿದ ಗೆರೆಯೂ ಕಾಣುತ್ತದೆ. ಪೆನ್ಸಿಲ್ ಇದ್ದು ಅದರ ಮೇಲೆ ಶಾಯಿ ಇದ್ದರೆ ಆ ಭಾಗ ಹೆಚ್ಚಾಗಿ ಸ್ಥಳದ್ದು. ಪೆನ್ಸಿಲ್ ಇಲ್ಲದೆ ನೇರ ಶಾಯಿಯಲ್ಲಿ ಬಂದ ಮುಂಭಾಗದ ಮರ, ಒಡೆದ ಕಂಬ, ಮೇಯುವ ಮೇಕೆ, ಇವು ಮೇಜಿನ ಕೊಡುಗೆ ಆಗಿರುವ ಸಾಧ್ಯತೆ ಹೆಚ್ಚು. ಪೆನ್ಸಿಲ್ ಒಂದು ಕಡೆ, ಶಾಯಿ ಇನ್ನೊಂದು ಕಡೆ ಹೋಗಿದ್ದರೆ ಪೆನ್ಸಿಲ್ಲನ್ನು ನಂಬಿ.

ಈಗ ಶಾಯಿ. ಆ ಕಾಲದಲ್ಲಿ ನಾಲ್ಕು ಬಗೆ ಬಳಕೆಯಲ್ಲಿದ್ದವು. ಮಾಚಿಕಾಯಿ, ಅನ್ನಭೇದಿ, ಗೋಂದು ಸೇರಿಸಿ ಮಾಡಿದ ಕಬ್ಬಿಣದ ಶಾಯಿ. ದೀಪದ ಮಸಿ ಮತ್ತು ಸರಸಿನಿಂದ ಮಾಡಿದ ಮಸಿಶಾಯಿ, ಇದು ಕಡ್ಡಿಯಾಗಿ ಬರುತ್ತಿತ್ತು, ನೀರಿನಲ್ಲಿ ತೇಯ್ದು ಬಳಸುವುದು. ಮರದ ಹೊಗೆಮಸಿಯಿಂದ ಮಾಡಿದ ಕಂದು ಬಿಸ್ಟರ್. ಕಟ್ಲ್‌ಮೀನಿನ ಚೀಲದಿಂದ ಬರುವ ಸೀಪಿಯಾ. ಗೆರೆಗೆ ಮೊದಲನೆಯದು, ನೆರಳಿಗೆ ಉಳಿದವು ಎಂಬ ಬೆರಕೆ ಬಹಳ ಕಾಣುತ್ತದೆ.

ಕಬ್ಬಿಣದ ಶಾಯಿ ಬರೆಯುವಾಗ ತೆಳುವಾಗಿದ್ದು ಗಾಳಿ ತಾಗಿದ ಮೇಲೆ ಕಪ್ಪಾಗುತ್ತದೆ, ದಶಕಗಳ ನಂತರ ಕಂದಾಗುತ್ತದೆ. ಹೀಗೆ ಕಂದಾದ ಕಬ್ಬಿಣದ ಶಾಯಿಯನ್ನು ‘ಸೀಪಿಯಾ ಚಿತ್ರ’ ಎಂದು ಬರೆದಿರುವ ಪಟ್ಟಿಗಳು ಬೇಕಾದಷ್ಟಿವೆ. ಗುರುತಿಸುವ ದಾರಿ ಸುಲಭ. ಹಾಳೆಯನ್ನು ತಿರುಗಿಸಿ ನೋಡಿ. ಗೆರೆಯ ಹಿಂಬದಿಯಲ್ಲೇ ಕಂದುಛಾಯೆ ಮೂಡಿದ್ದರೆ, ದಪ್ಪ ಗೆರೆಯ ಕಡೆ ಕಾಗದ ಬಿರುಕು ಬಿಟ್ಟಿದ್ದರೆ ಅದು ಕಬ್ಬಿಣದ ಶಾಯಿ. ಅವರೋಹಿತ (ಇನ್‌ಫ್ರಾರೆಡ್) ಕ್ಯಾಮೆರಾ ಸಿಕ್ಕರೆ ಇನ್ನೂ ಒಳ್ಳೆಯದು. ಸುಮಾರು 1000 ನ್ಯಾನೊಮೀಟರ್ ಹತ್ತಿರ ಹೋದಂತೆ ಕಬ್ಬಿಣದ ಶಾಯಿ ಕರಗಿಹೋದಂತೆ ಕಾಣುತ್ತದೆ, ಮಸಿಶಾಯಿಯೂ ಪೆನ್ಸಿಲ್ಲೂ ಕಪ್ಪಾಗಿಯೇ ನಿಲ್ಲುತ್ತವೆ. ಮೇಲಿನ ಶಾಯಿ ಸರಿದು ಅಡಿಯ ಪೆನ್ಸಿಲ್ ಮಾತ್ರ ಉಳಿಯುವ ಆ ನೋಟ ನಮಗೆ ಬೇಕಾದ ಮೊದಲ ಚಿತ್ರವೇ. ಮಸುಕಾದ ಶೀರ್ಷಿಕೆ ಓದಲು ಇದರ ಉಲ್ಟಾ ದಾರಿ: ನೇರಳಾತೀತ ಬೆಳಕಿನಲ್ಲಿ ಕಬ್ಬಿಣದ ಶಾಯಿ ಕಾಗದಕ್ಕಿಂತ ಹೆಚ್ಚು ಗಾಢವಾಗುತ್ತದೆ. ಅದನ್ನು ಕೆಲವು ನಿಮಿಷಕ್ಕೆ ಮಾತ್ರ ಬಳಸಿ.

ಲೇಖನಿ ಬಗ್ಗೆ ಒಂದೇ ಮಾತು. 1820ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನ ಉಕ್ಕಿನ ಮುಳ್ಳುಗಳು ಹೇರಳವಾಗುವ ತನಕ ಬಾತುಗರಿ, ಕಾಗೆಗರಿಗಳೇ ಗತಿ. ಗರಿಯ ಗೆರೆ ಒತ್ತಿದಂತೆ ಮೆತ್ತಗೆ ಹಿಗ್ಗುತ್ತದೆ. ಉಕ್ಕಿನ ಮುಳ್ಳು ಒತ್ತಿದರೆ ಗೆರೆಯ ಎರಡು ಅಂಚಿನಲ್ಲಿ ಕಾಗದ ಗೀರಿ ಜೋಡಿ ಗಾಢಗೆರೆ ಬೀಳುತ್ತದೆ. 1810ರ ಚಿತ್ರ ಎನ್ನುವ ಹಾಳೆಯಲ್ಲಿ ಜೋಡಿಗೆರೆ ಕಂಡರೆ ಅದು ಆಮೇಲಿನ ನಕಲು ಇರಬಹುದು, ನಿಂತು ನೋಡಿ.

ಬರೆದವನು ಎಲ್ಲಿ ಕುಳಿತಿದ್ದ

ಬಂಗಾಳದಲ್ಲಿ ಸಾಹೇಬರ ಪ್ರಯಾಣ ಬಹುತೇಕ ಬಜರಾ ಎಂಬ ಕೋಣೆಯುಳ್ಳ ದೋಣಿಯಲ್ಲಿ. ಹೊಳೆದಡದ ನೋಟಗಳಲ್ಲಿ ಹಲವು ದೋಣಿಯ ಮೇಲಿಂದ ಬಂದವು. ನೋಟದ ಬಿಂಬವನ್ನು ಕಾಗದದ ಮೇಲೆ ತೋರಿಸಿ ಗೆರೆ ಎಳೆಯಲು ನೆರವಾಗುವ ಉಪಕರಣಗಳಿದ್ದವು. ಚಿತ್ರಕಾರ ಡೇನಿಯಲ್ ಬಂಧುಗಳು ಬಳಸಿದಂಥ ಕ್ಯಾಮೆರಾ ಅಬ್ಸ್ಕ್ಯೂರಾ ಆಗಲಿ, 1806ರಲ್ಲಿ ವೊಲಾಸ್ಟನ್ ಪೇಟೆಂಟ್ ಪಡೆದ ಪಟ್ಟಕದ ಕ್ಯಾಮೆರಾ ಲೂಸಿಡಾ ಆಗಲಿ ತೂಗುವ ದೋಣಿಯಲ್ಲಿ ಕೆಲಸ ಮಾಡುವುದಿಲ್ಲ. ಕಣ್ಣು ಕೂದಲೆಳೆ ಅಲುಗಿದರೂ ಗೆರೆ ಜಿಗಿಯುತ್ತದೆ. ದೋಣಿಯಿಂದ ಬರೆದದ್ದು ಬರಿಗಣ್ಣಿನ ಅಂದಾಜು, ದಡದಲ್ಲಿ ಕುಳಿತು ಬರೆದದ್ದರಲ್ಲಿ ಉಪಕರಣದ ನೆರವು ಇರಬಹುದು.

ಕುಳಿತ ಎತ್ತರವನ್ನು ಚಿತ್ರವೇ ಹೇಳುತ್ತದೆ. ಆಕಾಶ ನೀರನ್ನು ಮುಟ್ಟುವ ದಿಗಂತದ ಗೆರೆ ಬರೆದವನ ಕಣ್ಣಿನ ಎತ್ತರದಲ್ಲಿರುತ್ತದೆ. ಆ ಗೆರೆ ಮಸೀದಿಯ ಗೋಡೆಯನ್ನು ಎಲ್ಲಿ ಕತ್ತರಿಸುತ್ತದೋ ಆ ಬಿಂದು ನೀರಿನ ಮಟ್ಟದಿಂದ ಅವನ ಕಣ್ಣಿನಷ್ಟೇ ಎತ್ತರದಲ್ಲಿದೆ. ಇದನ್ನು ಹಿಡಿದು ಕಟ್ಟಡದ ಎತ್ತರವನ್ನೇ ತೆಗೆಯಬಹುದು. ಒಂದು ಲೆಕ್ಕ ನೋಡಿ. ಗೋಡೆಯ ಬುಡದಲ್ಲಿ ನೀರಿನ ಗೆರೆಯಿಂದ ದಿಗಂತಕ್ಕೆ ಕಾಗದದಲ್ಲಿ 12 ಮಿಲಿಮೀಟರ್, ನೀರಿನ ಗೆರೆಯಿಂದ ಗೋಡೆಯ ಮೇಲಂಚಿಗೆ 42 ಮಿಲಿಮೀಟರ್ ಎಂದುಕೊಳ್ಳಿ. ದೋಣಿಯ ಮೇಲೆ ಕುಳಿತವನ ಕಣ್ಣು ನೀರಿನಿಂದ 2.5 ಮೀಟರ್ ಮೇಲೆ ಎಂದಿಟ್ಟರೆ, 42ನ್ನು 12ರಿಂದ ಭಾಗಿಸಿ 2.5ರಿಂದ ಗುಣಿಸಿ: 8.75 ಮೀಟರ್. ಕಣ್ಣಿನ ಎತ್ತರದ ಅಂದಾಜು ಅರ್ಧ ಮೀಟರ್ ತಪ್ಪಿದರೆ ಉತ್ತರ 7ರಿಂದ 10.5ರ ನಡುವೆ ಎಲ್ಲಾದರೂ ಇರಬಹುದು. ಅದಕ್ಕೇ ಈ ಲೆಕ್ಕ ಒಂಟಿಯಾಗಿ ನಿಲ್ಲುವುದಿಲ್ಲ. ಕಟ್ಟಡ ಇಂದಿಗೂ ಉಳಿದಿದ್ದರೆ ಅದರ ಒಂದು ಅಳತೆ ಬೇಕು. ಸಾತ್ ಗುಂಬದ್ ಮಸೀದಿಯ ಹಜಾರ ಹೊರ ಅಳತೆಯಲ್ಲಿ ಸುಮಾರು 17.5 ಮೀಟರ್ ಉದ್ದ, 8.2 ಮೀಟರ್ ಅಗಲ. ಉದ್ದಕ್ಕೂ ಎತ್ತರಕ್ಕೂ ಚಿತ್ರದಲ್ಲಿರುವ ಅನುಪಾತವನ್ನು ನಿಂತಿರುವ ಕಟ್ಟಡದ ಅನುಪಾತದೊಂದಿಗೆ ಹೋಲಿಸಿದರೆ ಬರೆದವನ ಕೈ ಎಷ್ಟು ಎಳೆಯುತ್ತದೆ ಎಂದು ತಿಳಿಯುತ್ತದೆ. ಹವ್ಯಾಸಿಗಳ ಕೈ ಹೆಚ್ಚಾಗಿ ಮೇಲಕ್ಕೆ ಎಳೆಯುತ್ತದೆ, ಗುಮ್ಮಟ ಉಬ್ಬುತ್ತದೆ, ಗೋಪುರ ಸಣಕಲಾಗುತ್ತದೆ. ಒಬ್ಬನ ಕೈ ಎಷ್ಟು ಎಳೆಯುತ್ತದೆಂದು ಉಳಿದ ಕಟ್ಟಡದಿಂದ ತಿಳಿದುಕೊಂಡರೆ, ಅವನೇ ಬರೆದ ಅಳಿದ ಕಟ್ಟಡಕ್ಕೂ ಅದೇ ತಿದ್ದುಪಡಿ ಹಾಕಬಹುದು. ಈ ಕೆಲಸದಲ್ಲಿ ಇದಕ್ಕಿಂತ ಉಪಯೋಗದ ಉಪಾಯ ಇನ್ನೊಂದಿಲ್ಲ.

ದಿಗಂತವನ್ನು ಮರಗಳು ಮುಚ್ಚಿದ್ದರೆ ಕಟ್ಟಡದ ಕಮಾನುಸಾಲು, ಮೇಲಂಚು, ಕಟ್ಟೆಯ ಅಂಚು ಇವುಗಳನ್ನು ಉದ್ದಕ್ಕೆ ಎಳೆದು ಅವು ಸೇರುವ ಬಿಂದು ಹುಡುಕಿ. ಆ ಬಿಂದುವಿನ ಮಟ್ಟವೇ ದಿಗಂತ. ಎರಡು ಗೋಡೆಗಳ ಬಿಂದುಗಳು ಒಂದೇ ಮಟ್ಟದಲ್ಲಿ ಬರದಿದ್ದರೆ ಚಿತ್ರವನ್ನು ಎರಡು ಕಡೆ ಕುಳಿತು ಜೋಡಿಸಿದ್ದಾರೆ ಅಥವಾ ಕಣ್ಣಂದಾಜಿನಲ್ಲಿ ಎಳೆದಿದ್ದಾರೆ.

ಜನರ ಆಕೃತಿಯನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಅವಶೇಷ ಭವ್ಯವಾಗಿ ಕಾಣಲೆಂದು ಅದರ ಬುಡದ ಜನರನ್ನು ಕುಗ್ಗಿಸುವುದು ಆ ಕಾಲದ ಚಿತ್ರಗಳಲ್ಲಿ ಸಾಮಾನ್ಯ. ಬಾಗಿಲ ಪಕ್ಕ ನಿಂತ ಮನುಷ್ಯ ಬಾಗಿಲಿನ ಕಾಲು ಭಾಗವೂ ಇಲ್ಲವೆಂದರೆ ಬಾಗಿಲು ದೊಡ್ಡದಲ್ಲ, ಮನುಷ್ಯ ಚಿಕ್ಕವನಾಗಿದ್ದಾನೆ.

ಬೆಳಕು ಎತ್ತಲಿಂದ

ಮಸೀದಿ ಎಂಬ ಕಾರಣಕ್ಕೇ ಸಿಗುವ ಒಂದು ಅನುಕೂಲವಿದೆ. ಬಂಗಾಳದಿಂದ ಕಿಬ್ಲಾ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು, ಹೆಚ್ಚುಕಡಿಮೆ ಪಶ್ಚಿಮ. ಹಾಗಾಗಿ ಆ ದಿಕ್ಕು ತೋರಿಸುವ ಗೂಡು (ಮಿಹ್ರಾಬ್) ಇರುವ ಗೋಡೆ ಪಶ್ಚಿಮಕ್ಕೆ, ಬಾಗಿಲುಗಳಿರುವ ಮುಖ ಪೂರ್ವಕ್ಕೆ. ದಿಕ್ಸೂಚಿ ಇಲ್ಲದ ಚಿತ್ರದಲ್ಲಿ ಕಟ್ಟಡವೇ ದಿಕ್ಸೂಚಿ.

ಮುಖ ನೋಡುತ್ತಿದ್ದೀರಿ ಎಂದರೆ ನೀವು ಪಶ್ಚಿಮಕ್ಕೆ ತಿರುಗಿದ್ದೀರಿ, ನಿಮ್ಮ ಎಡ ದಕ್ಷಿಣ. ಮಧ್ಯಾಹ್ನದ ಮುಂಚೆ ಸೂರ್ಯ ಹೆಚ್ಚಾಗಿ ನಿಮ್ಮ ಬೆನ್ನ ಹಿಂದೆ, ಎಡಗಡೆ ವಾಲಿ ಇರುತ್ತಾನೆ, ನೆರಳು ಬಲಕ್ಕೆ ಬೀಳುತ್ತದೆ. ನಕ್ಷೆ ಬರೆಯುವವರು ಬೆಳಕು ಎಡ ಮೇಲಿನಿಂದ ಬರುತ್ತದೆಂದು ರೂಢಿಯಿಂದಲೇ ನೆರಳು ಹಾಕುತ್ತಾರೆ. ಮುಖದ ನೋಟದಲ್ಲಿ ರೂಢಿಯೂ ನಿಜವೂ ಒಂದೇ ಆಗುವುದರಿಂದ ಏನೂ ತಿಳಿಯುವುದಿಲ್ಲ. ಆದರೆ ನದಿ ಪಶ್ಚಿಮಕ್ಕಿದ್ದು ದೋಣಿಯಿಂದ ಮಸೀದಿಯ ಬೆನ್ನನ್ನು ಬರೆದಿದ್ದರೆ ಲೆಕ್ಕ ತಿರುಗುತ್ತದೆ. ಈಗ ನಿಮ್ಮ ಎಡ ಉತ್ತರ. ಢಾಕಾ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಸ್ವಲ್ಪ ಉತ್ತರಕ್ಕಿದೆ, ಅಲ್ಲಿ ನಡುಹಗಲಿನ ಸೂರ್ಯ ಎಂದೂ ಉತ್ತರಕ್ಕೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಬೆಳಗ್ಗೆ, ಸಂಜೆ ಉತ್ತರದ ಕಡೆ ವಾಲಿರುತ್ತಾನೆ, ಜೂನ್ ಹೊತ್ತಿಗೆ ನಡುಹಗಲಿನ ಹತ್ತಿರದವರೆಗೂ. ಬೇಸಿಗೆಯದಲ್ಲದ ಬೆನ್ನಿನ ನೋಟದಲ್ಲಿ ಎತ್ತರದ ಬೆಳಕು ಎಡದಿಂದ ಬಿದ್ದಿದ್ದರೆ ಆ ನೆರಳುಗಳನ್ನು ಮೇಜಿನ ಮೇಲೆ ಹಾಕಿದ್ದು. ಆ ಚಿತ್ರದಲ್ಲಿ ನೆರಳಿನಿಂದ ಗೋಡೆಯ ಉಬ್ಬುತಗ್ಗು ಅಳೆಯಲು ಹೋಗಬೇಡಿ.

ಬೆನ್ನಿನ ನೋಟಕ್ಕೆ ಇನ್ನೊಂದು ಪರೀಕ್ಷೆ: ಕಿಬ್ಲಾ ಗೋಡೆಗೆ ಬಾಗಿಲಿರುವುದಿಲ್ಲ. ಒಳಗಿನ ಮಿಹ್ರಾಬಿನ ಗೂಡಿಗೆ ತಕ್ಕಂತೆ ಹೊರಗೆ ಉಬ್ಬು ಇರುತ್ತದೆ. ನೀರಿಗೆ ಎದುರಾದ ಗೋಡೆಯಲ್ಲಿ ಮೂರು ತೆರೆದ ಬಾಗಿಲು ಬರೆದಿದ್ದರೆ, ನದಿ ಪೂರ್ವಕ್ಕಿತ್ತು ಎಂದಾಗಲಿ, ಬೋಳು ಗೋಡೆ ಅಂದವಿಲ್ಲವೆಂದು ಮುಖವನ್ನು ತಂದು ನೀರಿನ ಕಡೆ ಇಟ್ಟರು ಎಂದಾಗಲಿ ತಿಳಿಯಬೇಕು. ಹಳೆಯ ನಕ್ಷೆಯಲ್ಲಿ ನದಿಯ ಜಾಗ ನೋಡಿದರೆ ತೀರ್ಮಾನವಾಗುತ್ತದೆ.

ಕಟ್ಟಡವನ್ನು ಓದುವುದು

ಬಂಗಾಳದಲ್ಲಿ ಕಲ್ಲು ದುರ್ಲಭ. ಕಟ್ಟಡವೆಲ್ಲ ತೆಳು ಇಟ್ಟಿಗೆ, ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆ. ಸುಣ್ಣಕ್ಕೆ ಸಿಲ್ಹೆಟ್ ಕಡೆಯ ಸುಣ್ಣಕಲ್ಲು ಹೆಸರುವಾಸಿ. ಚಿತ್ರದಲ್ಲಿ ಕಾಲ ತಿಳಿಯಲು ಮೊದಲು ಮೇಲಂಚು ನೋಡಿ. ಸುಲ್ತಾನರ ಕಾಲದ ಮಸೀದಿಗಳ ಮೇಲಂಚು ಬಿದಿರಿನ ಗುಡಿಸಲ ಮಾಡಿನಂತೆ ಬಿಲ್ಲಾಗಿ ಬಾಗಿರುತ್ತದೆ, ಗೋಡೆಯಲ್ಲಿ ಸುಟ್ಟಮಣ್ಣಿನ ಕೆತ್ತನೆ ಇರುತ್ತದೆ. ಮೊಘಲರ ಕಾಲದಲ್ಲಿ ಮೇಲಂಚು ನೇರ, ಗೋಡೆಗೆ ನುಣುಪು ಗಾರೆ, ಆಯತಾಕಾರದ ಚೌಕಟ್ಟುಗಳು, ಮೂರು ಗುಮ್ಮಟಗಳಲ್ಲಿ ನಡುವಿನದು ದೊಡ್ಡದು, ಮೂಲೆಯಲ್ಲಿ ಎಂಟು ಮೂಲೆಯ ಕಂಬಗೋಪುರ. ಬರೆಯುವವರ ಕೈಯಲ್ಲಿ ಕೆಡುವುದು ಮೊದಲು ಈ ಬಾಗುವಿಕೆಯೇ. ಸಣ್ಣ ಬಾಗನ್ನು ತಪ್ಪೆಂದು ಎಣಿಸಿ ನೇರ ಮಾಡುತ್ತಾರೆ. ಅಡಿಯ ಪೆನ್ಸಿಲ್ ಗೆರೆ ಬಾಗಿದ್ದು ಶಾಯಿ ನೇರವಾಗಿದ್ದರೆ ಉತ್ತರ ಪೆನ್ಸಿಲ್ಲಿನಲ್ಲಿದೆ.

ಇಟ್ಟಿಗೆ ಸಾಲುಗಳನ್ನು ಎಣಿಸಿ ಎತ್ತರ ತೆಗೆಯುವ ಆಸೆ ಹಲವರಿಗೆ ಬರುತ್ತದೆ. ಬಿಡಿ. ಇಟ್ಟಿಗೆ ಅಷ್ಟು ತೆಳುವೆಂದರೆ ಆ ಅಳತೆಯ ಚಿತ್ರದಲ್ಲಿ ಗರಿಲೇಖನಿಗೆ ಅದು ನಿಲುಕುವುದೇ ಇಲ್ಲ. ಗಾರೆ ಬಿದ್ದ ಕಡೆ ನಾಲ್ಕಾರು ಗೆರೆ ಎಳೆದು ‘ಇಲ್ಲಿ ಇಟ್ಟಿಗೆ ಕಾಣುತ್ತದೆ’ ಎಂದು ಸೂಚಿಸಿರುತ್ತಾರೆ, ಅಷ್ಟೇ. ಆ ತೇಪೆಗಳ ಜಾಗವನ್ನು ಮಾತ್ರ ನಂಬಬಹುದು.

ಪಾಳಾದದ್ದಕ್ಕೂ ಒಂದು ಕ್ರಮವಿದೆ, ಅದನ್ನು ತಿಳಿದರೆ ಚಿತ್ರದ ಪಾಳು ನಿಜವೋ ಅಲಂಕಾರವೋ ಗೊತ್ತಾಗುತ್ತದೆ. ಮೊದಲು ಹೋಗುವುದು ಗುಮ್ಮಟದ ಕಳಸ ಮತ್ತು ಮೂಲೆಗೋಪುರದ ತುದಿಗಳು. ಆಮೇಲೆ ಮೇಲಂಚಿನ ಗಾರೆ. ಗುಮ್ಮಟವೂ ಮೇಲಂಚೂ ಸೇರುವ ಸಂದಿಯಲ್ಲಿ ನೀರು ನಿಂತು, ಅಲ್ಲೇ ಹಕ್ಕಿ ಹಾಕಿದ ಅರಳಿ ಬೀಜ ಮೊಳೆಯುತ್ತದೆ. ಬೇರು ಸುರ್ಕಿಯ ಸಂದಿನಲ್ಲಿ ಇಳಿದು ದಪ್ಪವಾದಂತೆ ಇಟ್ಟಿಗೆಗಳನ್ನು ಸಾಲುಸಾಲಾಗಿ ಬಿಡಿಸುತ್ತದೆ. ಹಾಗಾಗಿ ಗಿಡ ಆ ಸಂದಿಯಲ್ಲಿದ್ದರೆ ನಂಬಬಹುದು. ನುಣುಪಾದ ಗುಮ್ಮಟದ ನೆತ್ತಿಯ ಮೇಲೆ ದಟ್ಟ ಪೊದೆ, ಆದರೆ ಕಳಸ ಮಾತ್ರ ನೆಟ್ಟಗೆ! ಇಂಥದ್ದನ್ನು ಕಂಡರೆ ಅನುಮಾನಿಸಿ. ಇಂಗ್ಲೆಂಡಿನಲ್ಲಿ ಆಗ ಐವಿ ಬಳ್ಳಿ ಹಬ್ಬಿದ ಪಾಳು ಮಠಗಳನ್ನು ಬರೆಯುವ ಹುಚ್ಚು ಬಲವಾಗಿತ್ತು. ಆ ಐವಿ ಎಷ್ಟೋ ಸಲ ಬಂಗಾಳದ ಗೋಡೆಯ ಮೇಲೂ ಹಬ್ಬಿದೆ.

ನದಿಯ ಪೆಟ್ಟು ಬೇರೆ ಬಗೆಯದು. ನೆರೆ ಉಕ್ಕಿದಾಗಲೇ ದಡದ ಕಟ್ಟಡ ಬೀಳುತ್ತದೆ ಎಂದುಕೊಳ್ಳುತ್ತೇವೆ. ಹೆಚ್ಚಾಗಿ ಬೀಳುವುದು ನೆರೆ ಇಳಿಯುವಾಗ. ತುಂಬಿದ ನೀರು ದಡವನ್ನು ಹೊರಗಿನಿಂದ ಒತ್ತಿ ಹಿಡಿದಿರುತ್ತದೆ. ನೀರು ಬೇಗ ಇಳಿದರೆ ಆ ಒತ್ತು ಹೋಗುತ್ತದೆ, ಮಣ್ಣಿನೊಳಗೆ ಹೀರಿಕೊಂಡ ನೀರು ಮಾತ್ರ ಅಷ್ಟು ಬೇಗ ಇಳಿಯುವುದಿಲ್ಲ. ತೊಯ್ದು ಭಾರವಾದ ದಡ ಬಿಲ್ಲಿನಾಕಾರದಲ್ಲಿ ಜಾರುತ್ತದೆ, ಜೊತೆಗೆ ತಳಪಾಯದ ಹೊಳೆಯ ಕಡೆಯ ಅಂಚೂ ಜಾರುತ್ತದೆ. ಗೋಡೆಯಲ್ಲಿ ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ. ಗೋಪುರ ನೀರಿನ ಕಡೆ ವಾಲುತ್ತದೆ. ಚಿತ್ರದಲ್ಲಿ ಹೊಳೆಯ ಕಡೆಯ ಒಂದು ಮೂಲೆಗೋಪುರ ಮಾತ್ರ ಇಲ್ಲದಿದ್ದು ಉಳಿದ ಮೂರು ಇದ್ದರೆ ಅದು ಕಲ್ಪನೆಯಲ್ಲ, ಜಾರಿದ ದಡದ ಗುರುತು ಎಂದೇ ಹಿಡಿಯಬಹುದು. ಎರಡೂ ಕಡೆ ಸಮನಾಗಿ, ಅಂದವಾಗಿ ಪಾಳಾಗಿದ್ದರೆ ಮತ್ತೆ ಯೋಚಿಸಿ.

ನಮ್ಮ ಶ್ರೀರಂಗಪಟ್ಟಣ, ಸಾವನದುರ್ಗಗಳನ್ನು 1791-92ರಲ್ಲಿ ಕಾರ್ನ್‌ವಾಲಿಸ್ ಸೇನೆಯ ಜೊತೆ ಬಂದ ರಾಬರ್ಟ್ ಹೋಮ್ ಬರೆದಿದ್ದಾನೆ. ಪೆನ್ಸಿಲ್ ಪರೀಕ್ಷೆ ಅಲ್ಲಿಗೂ ಹೊಂದುತ್ತದೆ. ದಡ ಜಾರುವ ತರ್ಕ ಹೊಂದುವುದಿಲ್ಲ, ಕಾವೇರಿಯ ಆ ದ್ವೀಪದ ಅಡಿ ಬಂಡೆಯಿದೆ, ಗಂಗೆಯ ಬಯಲಿನ ಮೆಕ್ಕಲು ಮಣ್ಣಲ್ಲ.

ಬಂಗಾಳದ ಈ ಚಿತ್ರಗಳಿಗೆ ಬೆಲೆ ಹೆಚ್ಚುವುದು ಭೂಕಂಪದಿಂದಲೂ. 1885ರಲ್ಲಿ ಬಂಗಾಳ, 1897ರ ಜೂನ್ 12ರಂದು ಅಸ್ಸಾಂ ಕೇಂದ್ರವಾಗಿ ನಡೆದ ಭೂಕಂಪಗಳು ಇಟ್ಟಿಗೆ ಕಟ್ಟಡಗಳಿಗೆ ದೊಡ್ಡ ಪೆಟ್ಟು ಕೊಟ್ಟವು. ಆಮೇಲೆ ದುರಸ್ತಿಯಾದ ಗುಮ್ಮಟದ ಆಕಾರ ಮೂಲದ್ದೇ ಎಂದು ಹೇಳಲು ಅದಕ್ಕೂ ಹಿಂದಿನ ಸಾಕ್ಷಿ ಬೇಕು. 1808ರಿಂದ 1820ರ ದಶಕದವರೆಗಿನ ಹಾಳೆಗಳು ಆ ಸಾಕ್ಷಿ.

ಹೆಸರು ಮತ್ತು ಶೀರ್ಷಿಕೆ

ಹಾಳೆಯ ಅಡಿಯ ಬರಹವನ್ನು ಕಡೆಗೆ ಓದಿ, ಮೊದಲು ಓದಿದರೆ ಅದೇ ಕಣ್ಣನ್ನು ನಡೆಸುತ್ತದೆ. ಆಲ್ಬಂಗೆ ಅಂಟಿಸುವಾಗ ಅಂಚು ಕತ್ತರಿಸಿ ಮೂಲ ಬರಹ ಕಳೆದು, ಮೊಮ್ಮಕ್ಕಳ ಕಾಲದಲ್ಲಿ ಬೇರೆ ಕೈ ನೆನಪಿನಿಂದ ಹೆಸರು ಹಾಕಿರುವುದು ಹೆಚ್ಚು. ಅಕ್ಷರದ ಶಾಯಿಯೂ ಚಿತ್ರದ ಶಾಯಿಯೂ ಒಂದೇ ಬಗೆಯದೇ ಎಂದು ಅವರೋಹಿತದಲ್ಲಿ ಹೋಲಿಸಿ. ಕಾಗುಣಿತ ಊಹಿಸಲಾಗದಷ್ಟು ಬಗೆಬಗೆ: ಬೂರಿಗೊಂಗಾ, ಬುರ್ಹಿ ಗಂಗಾ ಎಲ್ಲವೂ ಒಂದೇ ನದಿ. ಗೋರಿಯನ್ನು ಮಸೀದಿ ಎಂದೂ ಮಸೀದಿಯನ್ನು ಅರಮನೆ ಎಂದೂ ಬರೆದಿರುತ್ತಾರೆ. ಪಶ್ಚಿಮ ಗೋಡೆಯಲ್ಲಿ ಮಿಹ್ರಾಬಿನ ಉಬ್ಬು ಇದ್ದರೆ ಮಸೀದಿ. ನಾಲ್ಕೂ ಕಡೆ ಬಾಗಿಲಿದ್ದು ಒಂದೇ ಗುಮ್ಮಟವಿದ್ದರೆ ಹೆಚ್ಚಾಗಿ ಗೋರಿ. ಹೆಸರು ತಪ್ಪೆಂದು ತಿಳಿದರೂ ಹಳೆಯ ಬರಹವನ್ನು ಇದ್ದಂತೆಯೇ ನಕಲಿಸಿ, ನಿಮ್ಮ ತೀರ್ಮಾನವನ್ನು ಅದರ ಪಕ್ಕ, ಕಾರಣದೊಂದಿಗೆ ಬರೆಯಿರಿ.

ಹಾಳೆಯನ್ನು ಉಳಿಸುವುದು

ಇದು ಗ್ರಂಥಾಲಯ, ಮಠ, ಹಳೆಯ ಮನೆಗಳಲ್ಲಿ ಇಂಥ ಹಾಳೆ ಇಟ್ಟುಕೊಂಡವರಿಗೆ. ಕಬ್ಬಿಣದ ಶಾಯಿಯ ಚಿತ್ರವನ್ನು ತೊಳೆಯಬೇಡಿ, ಒದ್ದೆ ಹತ್ತಿಯಿಂದ ಒರೆಸಲೂ ಬೇಡಿ. ಶಾಯಿಯಲ್ಲಿ ಉಳಿದ ಕಬ್ಬಿಣದ ಅಂಶ ನೀರಿನೊಂದಿಗೆ ಸುತ್ತಲಿನ ಕಾಗದಕ್ಕೆ ಹರಡಿ, ಗೆರೆ ಇದ್ದಲ್ಲಿ ಮಾತ್ರ ಇದ್ದ ಕೊರೆತ ಹಾಳೆಯೆಲ್ಲಕ್ಕೂ ಹಬ್ಬುತ್ತದೆ. ತೇವ 80 ಶೇಕಡಾ ದಾಟಿದ ಕೋಣೆಯಲ್ಲೂ ಇದೇ ನಿಧಾನವಾಗಿ ನಡೆಯುತ್ತದೆ. ಆ ಅಂಶ ಎಷ್ಟಿದೆ ಎಂದು ತಿಳಿಯಲು ಬ್ಯಾಥೊಫಿನಾಂತ್ರೊಲಿನ್ ಪಟ್ಟಿ ಸಿಗುತ್ತದೆ. ಅದನ್ನು ಹನಿ ನೀರಿನಲ್ಲಿ ನೆನೆಸಿ, ಹೀರುಕಾಗದದಲ್ಲಿ ಒತ್ತಿ ತೇವ ತೆಗೆದು, ಕಾಣದ ಮೂಲೆಯ ಗೆರೆಯ ಮೇಲೆ ಸುಮಾರು 30 ಸೆಕೆಂಡು ಇಟ್ಟರೆ, ಆ ಅಂಶವಿದ್ದಲ್ಲಿ ಕೆಂಪುಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತಿರುಗಿದರೆ ಆ ಹಾಳೆ ನುರಿತ ಸಂರಕ್ಷಕರ ಕೈಗೇ ಹೋಗಬೇಕು. ಕ್ಯಾಲ್ಸಿಯಂ ಫೈಟೇಟ್ ಚಿಕಿತ್ಸೆ ಅವರ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ.

ಅಂಟುಟೇಪು, ಪ್ಲಾಸ್ಟಿಕ್ ಲ್ಯಾಮಿನೇಷನ್ ಎರಡೂ ಬೇಡ. ಲ್ಯಾಮಿನೇಷನ್ ಆಮ್ಲವನ್ನು ಒಳಗೇ ಕೂಡಿಹಾಕುತ್ತದೆ, ಆಮೇಲೆ ಬಿಡಿಸುವಾಗ ಶಾಯಿಯೂ ಬರುತ್ತದೆ. ಆಮ್ಲರಹಿತ ಕಾಗದದ ಮಡಿಕೆಯಲ್ಲಿ ಮಲಗಿಸಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಕೋಣೆಯ ತೇವ 45ರಿಂದ 55 ಶೇಕಡಾ ಇದ್ದರೆ ಒಳ್ಳೆಯದು. ಒಂದು ದಿನ 40, ಮರುದಿನ 70 ಆಗುವುದಕ್ಕಿಂತ ಸ್ಥಿರವಾಗಿ 60 ಇರುವುದು ಮೇಲು. ಪ್ರದರ್ಶನಕ್ಕೆ ಇಟ್ಟರೆ ಬೆಳಕು 50 ಲಕ್ಸ್ ಮೀರದಿರಲಿ, ಸೀಪಿಯಾ ನೆರಳಿದ್ದರೆ ಇನ್ನೂ ಎಚ್ಚರ, ಅದು ಬೆಳಕಿಗೆ ಮಾಸುತ್ತದೆ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ, ಬೂದು ಕಾರ್ಡ್ ಇಡಿ. ನೇರ ಬೆಳಕು, ಓರೆ ಬೆಳಕು, ಹಿಂದಿನ ಬೆಳಕು, ಮೂರರಲ್ಲೂ ಒಂದೊಂದು ತೆಗೆಯಿರಿ. ಹಿಂಬದಿಯನ್ನೂ ಅದೇ ಅಳತೆಯಲ್ಲಿ ತೆಗೆದಿಟ್ಟು, ಐದು ವರ್ಷಕ್ಕೊಮ್ಮೆ ಮತ್ತೆ ತೆಗೆದು ಹೋಲಿಸಿ. ಗುಮ್ಮಟದ ಗೆರೆಯ ಹಿಂದೆ ಕಂದುಛಾಯೆ ಅಗಲವಾಗಿದೆಯೇ ಎಂಬುದು ಅಲ್ಲೇ ಮೊದಲು ಕಾಣುತ್ತದೆ.